ದರ್ಶಿನಿ ಸರಣಿಯ ಶಾಖೆಗಳಲ್ಲಿ ಆಹಾರ ಸುರಕ್ಷತಾ ತಪಾಸಣೆ: ತಯಾರಿ, ತಪಾಸಣೆಯ ದಿನ, ನೋಟಿಸ್ ಬಂದ ಮೇಲೆ

ಒಂದೇ ಹೆಸರಿನಲ್ಲಿ ಹತ್ತಾರು ಶಾಖೆ ನಡೆಸುವ ಸಂಸ್ಥೆಗೆ ಆಹಾರ ಸುರಕ್ಷತಾ ಅಧಿಕಾರಿ ಭೇಟಿ ಕೊಡುವುದು ಮುಖ್ಯ ಕಚೇರಿಗಲ್ಲ, ಯಾವುದೋ ಒಂದು ಶಾಖೆಗೆ. ಮುಂಚೆ ಹೇಳಿ ಬರಬೇಕೆಂಬ ಕಟ್ಟಳೆ ಅವರಿಗಿಲ್ಲ. ಆ ಹೊತ್ತಿಗೆ ಅಲ್ಲಿ ಸಿಗುವವರು ಶಾಖೆಯ ಮ್ಯಾನೇಜರ್, ಭಟ್ಟರು, ಸಪ್ಲೈಯರ್, ಕ್ಲೀನರ್. ಮುಖ್ಯ ಕಚೇರಿಯ ಕಪಾಟಿನಲ್ಲಿರುವ ದಪ್ಪ ಫೈಲು ಅವರ ನೆರವಿಗೆ ಬರುವುದಿಲ್ಲ. ಆದ್ದರಿಂದ ತಯಾರಿಯೆಲ್ಲ ಶಾಖೆಯ ಮಟ್ಟದಲ್ಲೇ, ದಿನದ ಕೆಲಸದೊಳಗೇ ಆಗಬೇಕು.

ಈ ಮಾರ್ಗದರ್ಶಿ ಕರ್ನಾಟಕದ ದರ್ಶಿನಿ ಮತ್ತು ಫಾಸ್ಟ್‌ಫುಡ್ ಸರಣಿಗಳಿಗಾಗಿ. ಆಧಾರ ಎರಡು: ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006 ಮತ್ತು 2011ರ ಪರವಾನಗಿ ನಿಯಮಾವಳಿಯಲ್ಲಿ ನೈರ್ಮಲ್ಯದ ಕಟ್ಟಳೆಗಳಿರುವ ಶೆಡ್ಯೂಲ್ 4.

ಅಂಕ ಎಲ್ಲಿ ಹೋಗುತ್ತದೆ

ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಉಪಾಹಾರ ಗೃಹಗಳಿಗೆಂದು ಮಾಡಿರುವ ತಪಾಸಣಾ ಪಟ್ಟಿಗೆ ಒಟ್ಟು 114 ಅಂಕ. 100 ಮತ್ತು ಮೇಲಕ್ಕೆ ಎ ಪ್ಲಸ್, 91ರಿಂದ 99ರವರೆಗೆ ಎ, 80ರಿಂದ 90ರವರೆಗೆ ಬಿ. ಅದಕ್ಕಿಂತ ಕೆಳಗೆ ದರ್ಜೆಯೇ ಇಲ್ಲ. ಪಟ್ಟಿಯಲ್ಲಿ ಕೆಲವು ಪ್ರಶ್ನೆಗಳಿಗೆ ನಕ್ಷತ್ರದ ಗುರುತಿದೆ. ಅಂಥ ಒಂದೇ ಪ್ರಶ್ನೆಯಲ್ಲಿ ಎಡವಿದರೂ ಉಳಿದ ಅಂಕ ಎಷ್ಟೇ ಇರಲಿ, ಶಾಖೆ ನಿಯಮ ಪಾಲಿಸಿಲ್ಲ ಎಂದೇ ದಾಖಲಾಗುತ್ತದೆ. ಕುಡಿಯುವ ನೀರು, ಬೇಯಿಸುವ ಶಾಖ, ಬೆಂದದ್ದನ್ನು ಆರಿಸುವ ಹೊತ್ತು, ಬಿಸಿಯಾಗಿ ಇಡುವುದು, ಮತ್ತೆ ಬಿಸಿ ಮಾಡುವುದು ಈ ಗುಂಪಿಗೆ ಸೇರುತ್ತವೆ.

ಸುಣ್ಣ ಬಳಿಸುವುದು, ನೆಲ ತಿಕ್ಕುವುದು, ಹೊಸ ಏಪ್ರನ್ ಕೊಡಿಸುವುದು ಎಲ್ಲವೂ ಬೇಕು. ಆದರೆ ಶಾಖೆ ಸೋಲುವುದು ಹೆಚ್ಚಾಗಿ ಬಿಸಿ-ತಂಪಿನ ಲೆಕ್ಕದಲ್ಲಿ. ನೆಲವನ್ನು ಒಂದು ಗಂಟೆಯಲ್ಲಿ ತೊಳೆದು ಮುಗಿಸಬಹುದು. ಮೂರು ತಿಂಗಳ ತಾಪಮಾನದ ಪುಸ್ತಕವನ್ನು ಒಂದು ಗಂಟೆಯಲ್ಲಿ ಬರೆದರೆ ಅದು ನೋಡಿದ ಕೂಡಲೇ ಗೊತ್ತಾಗುತ್ತದೆ: ಒಂದೇ ಪೆನ್ನು, ಒಂದೇ ಕೈಬರಹ, ಎಲ್ಲ ದಿನವೂ ಫ್ರಿಜ್ 4 ಡಿಗ್ರಿ.

1. ಪ್ರತಿ ಶಾಖೆಗೂ ಅದರದೇ ಕಾಗದ

ಪ್ರತಿ ಶಾಖೆಗೆ, ಸೆಂಟ್ರಲ್ ಕಿಚನ್‌ಗೆ, ಬೇರೆ ವಿಳಾಸದಲ್ಲಿರುವ ಗೋದಾಮಿಗೆ ಪ್ರತ್ಯೇಕ ಪರವಾನಗಿ ಬೇಕು. 14 ಅಂಕಿಯ ಸಂಖ್ಯೆಯಲ್ಲಿ ಮೊದಲ ಅಂಕಿ 1 ಇದ್ದರೆ ಪರವಾನಗಿ, 2 ಇದ್ದರೆ ಬರೀ ನೋಂದಣಿ. ವಹಿವಾಟು ಬೆಳೆದ ಶಾಖೆ ಇನ್ನೂ ನೋಂದಣಿಯಲ್ಲೇ ಉಳಿದಿದ್ದರೆ ಅದೇ ಮೊದಲ ಆಕ್ಷೇಪವಾಗುತ್ತದೆ. ಪರವಾನಗಿಯಲ್ಲಿರುವ ವಿಳಾಸ, ಮಹಡಿ, ವ್ಯಾಪಾರದ ಬಗೆ ಈಗಿನ ಶಾಖೆಗೆ ಹೊಂದುತ್ತವೆಯೇ ನೋಡಿ. ಪಕ್ಕದ ಮಳಿಗೆಯನ್ನೂ ಸೇರಿಸಿಕೊಂಡು ಅಡುಗೆಮನೆ ದೊಡ್ಡದು ಮಾಡಿ, ಪರವಾನಗಿ ತಿದ್ದಿಸದೆ ಬಿಡುವುದು ಸಾಮಾನ್ಯ. ಆ ತಿದ್ದುಪಡಿ ಪರವಾನಗಿಗೆಂದೇ ಇರುವ ಫಾಸ್ಕೋಸ್ ಪೋರ್ಟಲ್‌ನಲ್ಲೇ ಆಗುತ್ತದೆ.

ಗಿರಾಕಿಗೆ ಕಾಣುವ ಕಡೆ ಪರವಾನಗಿ ಮತ್ತು ಆಹಾರ ಸುರಕ್ಷತಾ ಫಲಕ ತೂಗುಹಾಕಿ. ಬಿಲ್ಲಿನ ಮೇಲೂ ಪರವಾನಗಿ ಸಂಖ್ಯೆ ಇರಬೇಕು, ಇದು 2022ರ ಜನವರಿ 1ರಿಂದ ಕಡ್ಡಾಯ. ಸರಣಿಗಳಲ್ಲಿ ಆಗುವ ತಪ್ಪೆಂದರೆ, ಎಲ್ಲ ಶಾಖೆಯ ಬಿಲ್ಲಿಂಗ್ ಯಂತ್ರದಲ್ಲೂ ಮೊದಲ ಶಾಖೆಯ ಸಂಖ್ಯೆಯೇ ಅಚ್ಚಾಗುವುದು. ಇವತ್ತೇ ಪ್ರತಿ ಶಾಖೆಯಿಂದ ಒಂದೊಂದು ಬಿಲ್ಲು ತರಿಸಿ ಪರವಾನಗಿಯ ಜತೆ ತಾಳೆ ನೋಡಿ.

10 ಅಥವಾ ಹೆಚ್ಚು ಕಡೆ ಶಾಖೆ ಇರುವ ಸಂಸ್ಥೆ ಮೆನು ಫಲಕದಲ್ಲಿ ಪ್ರತಿ ತಿನಿಸಿನ ಮುಂದೆ ಕಿಲೋಕ್ಯಾಲರಿ ತೋರಿಸಬೇಕು. ಸಾಮಾನ್ಯ ವಯಸ್ಕರಿಗೆ ದಿನಕ್ಕೆ 2,000 ಕಿಲೋಕ್ಯಾಲರಿ ಬೇಕು, ವ್ಯಕ್ತಿಯಿಂದ ವ್ಯಕ್ತಿಗೆ ವ್ಯತ್ಯಾಸವಾಗಬಹುದು ಎಂಬ ಸಾಲೂ ಇರಬೇಕು. ಗೋಧಿಯ ಗ್ಲುಟೆನ್, ಹಾಲು, ಮೊಟ್ಟೆ, ಕಡಲೆಕಾಯಿ, ಸೋಯಾ ಮೊದಲಾದ ಅಲರ್ಜಿಕಾರಕಗಳ ಮಾಹಿತಿಯನ್ನೂ ಕೊಡಬೇಕು. 2022ರ ಜುಲೈನಿಂದ ಜಾರಿಯಲ್ಲಿರುವ ಈ ನಿಯಮ ಹತ್ತನೇ ಶಾಖೆ ತೆರೆದ ದಿನವೇ ನಿಮ್ಮ ಹಳೆಯ ಒಂಬತ್ತಕ್ಕೂ ಬಂದು ಸೇರುತ್ತದೆ. ಹತ್ತನೆಯದರ ಉದ್ಘಾಟನೆಗೆ ಮುಂಚೆಯೇ ಎಲ್ಲ ಫಲಕಗಳನ್ನು ಬದಲಿಸುವುದು ಜಾಣತನ.

ಕಂಪನಿಯಾಗಿ ನಡೆಯುವ ಸರಣಿಗೆ ಕಾಯ್ದೆಯ ಕಲಂ 66 ಮುಖ್ಯ. ಬೇರೆ ಬೇರೆ ಶಾಖೆಗಳಿದ್ದಾಗ ಆಯಾ ಶಾಖೆಯ ಮುಖ್ಯಸ್ಥರು ಅಥವಾ ಕಂಪನಿ ಅದಕ್ಕೆಂದು ಹೆಸರಿಸಿದವರು ಆ ಶಾಖೆಯ ತಪ್ಪಿಗೆ ಹೊಣೆ. ಹೆಸರಿಸುವುದು ನಮೂನೆ 9ರಲ್ಲಿ. ಮ್ಯಾನೇಜರ್ ಕೆಲಸ ಬಿಟ್ಟು ಹೋದ ಮೇಲೂ ಅವರ ಹೆಸರೇ ಉಳಿದಿದ್ದರೆ ಬಿಟ್ಟುಹೋದವರಿಗೂ ಅನ್ಯಾಯ, ನಿಮಗೂ ತೊಂದರೆ. ಮ್ಯಾನೇಜರ್ ಬದಲಾದ ವಾರದಲ್ಲೇ ನಮೂನೆಯನ್ನೂ ಬದಲಿಸಿ.

2. ಥರ್ಮಾಮೀಟರ್ ಮೊದಲು, ಪುಸ್ತಕ ಆಮೇಲೆ

ಶಾಖೆಗೆ ಎರಡು ಪ್ರೋಬ್ ಥರ್ಮಾಮೀಟರ್ (ಆಹಾರದೊಳಗೆ ಚುಚ್ಚಿ ನೋಡುವ ಕಡ್ಡಿಯುಳ್ಳದ್ದು) ಇರಲಿ, ಒಂದು ಕೆಟ್ಟರೆ ಇನ್ನೊಂದಕ್ಕೆ. ವಾರಕ್ಕೊಮ್ಮೆ ಮಂಜುಗಡ್ಡೆಯಲ್ಲಿ ಪರೀಕ್ಷಿಸಿ: ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಸಂದುಗಳು ತುಂಬುವಷ್ಟೇ ನೀರು ಸುರಿದು, ಎರಡು ಮೂರು ನಿಮಿಷ ಬಿಟ್ಟು, ಪ್ರೋಬ್ ಅನ್ನು ಲೋಟಕ್ಕೆ ತಾಗದಂತೆ ನಡುವೆ ಹಿಡಿಯಿರಿ. 0 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಒಂದು ಡಿಗ್ರಿಗಿಂತ ಹೆಚ್ಚು ಆಚೀಚೆ ಇದ್ದರೆ ಸರಿಪಡಿಸಿ ಅಥವಾ ಬದಲಿಸಿ.

ಕುದಿಯುವ ನೀರಿನಲ್ಲಿ ಪರೀಕ್ಷಿಸುವವರು ಊರಿನ ಎತ್ತರ ಗಮನಿಸಬೇಕು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಮಂಗಳೂರಿನಲ್ಲಿ 100ಕ್ಕೆ. ಎಲ್ಲ ಊರಿಗೂ ಒಂದೇ ಸೂಚನೆ ಕಳಿಸಿ ‘100 ಬರುವಂತೆ ಸರಿಮಾಡಿ’ ಎಂದರೆ ಬೆಂಗಳೂರಿನ ಶಾಖೆಗಳ ಥರ್ಮಾಮೀಟರ್‌ಗಳೆಲ್ಲ ಮೂರು ಡಿಗ್ರಿ ಹೆಚ್ಚು ತೋರಿಸತೊಡಗುತ್ತವೆ. 63 ಡಿಗ್ರಿಯ ಸಾಂಬಾರು 66 ಎಂದು ಬರೆಯಿಸಿಕೊಳ್ಳುತ್ತದೆ.

ನೆನಪಿಡಬೇಕಾದ ಅಂಕೆಗಳು ಇಷ್ಟು. ಸಸ್ಯಾಹಾರ ಒಳಗಿನವರೆಗೆ ಕನಿಷ್ಠ 60 ಡಿಗ್ರಿಯಲ್ಲಿ 10 ನಿಮಿಷ ಅಥವಾ 65 ಡಿಗ್ರಿಯಲ್ಲಿ 2 ನಿಮಿಷ ಬೇಯಬೇಕು. ಮಾಂಸಾಹಾರಕ್ಕೆ 65ರಲ್ಲಿ 10 ನಿಮಿಷ, 70ರಲ್ಲಿ 2 ನಿಮಿಷ ಅಥವಾ 75ರಲ್ಲಿ 15 ಸೆಕೆಂಡ್. ಬಿಸಿಯಾಗಿ ಬಡಿಸುವ ಸಸ್ಯಾಹಾರ 65ಕ್ಕಿಂತ, ಮಾಂಸಾಹಾರ 70ಕ್ಕಿಂತ ಕೆಳಗಿಳಿಯಬಾರದು, ತಂಪಾಗಿ ಇಡುವುದು 5 ಮೀರಬಾರದು, ಫ್ರೀಜರ್ ಮೈನಸ್ 18. ಮತ್ತೆ ಬಿಸಿ ಮಾಡಿದ್ದು 75 ಡಿಗ್ರಿ ಮುಟ್ಟಿ ಅಲ್ಲೇ 2 ನಿಮಿಷ ನಿಲ್ಲಬೇಕು. ತಣ್ಣಗಾದ ಸಾಗುವಿಗೆ ಬಿಸಿನೀರು ಬೆರೆಸುವುದನ್ನು, ಬೇನ್ ಮೇರಿಯಲ್ಲಿ (ಪಾತ್ರೆಗಳನ್ನಿಡುವ ಬಿಸಿನೀರಿನ ತೊಟ್ಟಿ) ಇಟ್ಟು ಬಿಸಿ ಮಾಡುವುದನ್ನು ಪಟ್ಟಿ ಹೆಸರಿಟ್ಟೇ ನಿಷೇಧಿಸುತ್ತದೆ. ಬೇನ್ ಮೇರಿ ಇರುವುದು ಬಿಸಿಯನ್ನು ಕಾಯಲಿಕ್ಕೆ. ಒಲೆಯ ಮೇಲೆ ಕುದಿಸಿ ನಂತರವೇ ಅದರಲ್ಲಿಡಬೇಕು.

ಆರಿಸುವ ನಿಯಮದಲ್ಲೇ ಹೆಚ್ಚಿನವರು ಸಿಕ್ಕಿಬೀಳುತ್ತಾರೆ. 60 ಡಿಗ್ರಿಯಿಂದ 21ಕ್ಕೆ 2 ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಮತ್ತೆ 2 ಗಂಟೆಯೊಳಗೆ ಇಳಿಯಬೇಕು. 40 ಲೀಟರಿನ ಕೊಳಗದಲ್ಲಿರುವ ಸಾಂಬಾರು ಹಾಗೇ ಇಟ್ಟರೆ ಈ ಹೊತ್ತಿನೊಳಗೆ ಎಂದೂ ಆರುವುದಿಲ್ಲ. ಮೇಲ್ಭಾಗ ಬೆಚ್ಚಗೆ, ನಡುವೆ ಸುಡುಬಿಸಿ. ಅದನ್ನು ಹಾಗೇ ಫ್ರಿಜ್ಜಿಗೆ ದೂಡಿದರೆ ಫ್ರಿಜ್ಜೇ ಬಿಸಿಯಾಗಿ ಪಕ್ಕದ ಹಾಲು, ಮೊಸರೂ ಕೆಡುತ್ತವೆ. ಎರಡು ಇಂಚಿಗಿಂತ ಆಳವಿಲ್ಲದ ಸ್ಟೀಲ್ ಟ್ರೇಗಳಿಗೆ ಸುರಿಯಿರಿ, ಅಥವಾ ಪಾತ್ರೆಯನ್ನು ಐಸ್ ನೀರಿನ ತೊಟ್ಟಿಯಲ್ಲಿಟ್ಟು ಹತ್ತು ನಿಮಿಷಕ್ಕೊಮ್ಮೆ ಕಲಕಿ. 21ಕ್ಕೆ ಬಂದ ಮೇಲೆ ಫ್ರಿಜ್. ನಮ್ಮ ಸಲಹೆ ಕೇಳುವುದಾದರೆ, ದರ್ಶಿನಿಯಲ್ಲಿ ಉಳಿದ ಸಾಂಬಾರನ್ನು ನಾಳೆಗೆ ಇಡುವ ಪದ್ಧತಿಯನ್ನೇ ಕೈಬಿಡಿ. ಸಣ್ಣ ಪ್ರಮಾಣದಲ್ಲಿ ಎರಡು ಸಲ ಮಾಡುವ ಗ್ಯಾಸಿನ ಖರ್ಚು ಅಷ್ಟೇನೂ ದೊಡ್ಡದಲ್ಲ.

ಪುಸ್ತಕಕ್ಕೆ ಬರೋಣ. ಶಾಖೆ ತೆರೆದಾಗ, ತಿಂಡಿಯ ನೂಕುನುಗ್ಗಲು ಮುಗಿದಾಗ, ಮಧ್ಯಾಹ್ನ, ಸಂಜೆ, ಮುಚ್ಚುವಾಗ ಒಂದೊಂದು ಸಲ ಅಳೆದು ಬರೆಯಿರಿ. ಕಂಡ ಅಂಕೆಯನ್ನೇ ಬರೆಯಬೇಕು, ಬರೆದವರ ಸಹಿ ಇರಬೇಕು, ಪಕ್ಕದಲ್ಲಿ ‘ಏನು ಮಾಡಿದೆವು’ ಎಂಬ ಅಂಕಣವಿರಬೇಕು. ಫ್ರಿಜ್ 9 ಡಿಗ್ರಿ ಇದ್ದರೆ ಕೊನೆಯ ಸಲ ಸರಿಯಿದ್ದದ್ದು ಎಷ್ಟು ಹೊತ್ತಿಗೆ ಎಂದು ನೋಡಿ. ಎರಡು ಗಂಟೆಯೊಳಗಾದರೆ ಬೇರೆ ಫ್ರಿಜ್ಜಿಗೆ ಸಾಗಿಸಿ. ಎರಡರಿಂದ ನಾಲ್ಕಾದರೆ ತಕ್ಷಣ ಬಳಸಿ. ನಾಲ್ಕು ದಾಟಿದ್ದರೆ, ಅಥವಾ ಗೊತ್ತೇ ಇಲ್ಲದಿದ್ದರೆ ಚೆಲ್ಲಿ, ಚೆಲ್ಲಿದ್ದನ್ನು ಬರೆಯಿರಿ. ‘ಗ್ಯಾಸ್ಕೆಟ್ ಹರಿದಿತ್ತು, ಮೆಕ್ಯಾನಿಕ್ ಬಂದರು, 6 ಲೀಟರ್ ಹಾಲು ಚೆಲ್ಲಲಾಯಿತು’ ಎಂಬ ಸಾಲು ನಿಮ್ಮ ಮಾನ ಕಳೆಯುವುದಿಲ್ಲ. ಕಾಯ್ದೆಯ ಕಲಂ 80ರಲ್ಲಿ, ತಕ್ಕ ಎಚ್ಚರಿಕೆ ವಹಿಸಿದ್ದೆವು ಎಂದು ತೋರಿಸಿದವರಿಗೆ ರಕ್ಷಣೆ ಇದೆ. ಆ ಎಚ್ಚರಿಕೆಗೆ ಸಾಕ್ಷಿ ಇಂಥ ಸಾಲುಗಳೇ.

3. ಚಟ್ನಿ ಮತ್ತು ಅನ್ನ

ದರ್ಶಿನಿಯ ಅತ್ಯಂತ ದುರ್ಬಲ ತಿನಿಸು ಕಾಯಿ ಚಟ್ನಿ. ಹಸಿ ತೆಂಗಿನಕಾಯಿ, ಕುದಿಸದ ನೀರು, ಹುಳಿ ಕಮ್ಮಿ, ರುಬ್ಬಿದ ಮೇಲೆ ಒಲೆ ಕಾಣುವುದೇ ಇಲ್ಲ. ಕೈಯಿಂದ, ಗಾಯದಿಂದ ಬಂದ ಸ್ಟೆಫೈಲೋಕಾಕಸ್ ಅಲ್ಲಿ ಬೆಳೆದರೆ ವಿಷ ಬಿಡುತ್ತದೆ, ಆ ವಿಷ ಆಮೇಲೆ ಕುದಿಸಿದರೂ ಹೋಗದು. ತಂಪಾಗಿ ಬಡಿಸಬೇಕಾದ ಇದು ಕೌಂಟರಿನಲ್ಲಿ ಕಾವಲಿಯ ಪಕ್ಕ ಗಂಟೆಗಟ್ಟಲೆ ನಿಂತಿರುತ್ತದೆ.

ಹೀಗೆ ಮಾಡಿ: ಒಂದು ಸಲಕ್ಕೆ ಎರಡು ಗಂಟೆಗೆ ಆಗುವಷ್ಟೇ ರುಬ್ಬಿ. ರುಬ್ಬಲು ಫ್ರಿಜ್ಜಿನ ತಣ್ಣೀರು ಬಳಸಿ. ಕೌಂಟರಿನ ಪಾತ್ರೆಯನ್ನು ಐಸ್ ತುಂಬಿದ ಟ್ರೇಯೊಳಗೆ ಇಡಿ. ಹುಣಸೆ ಅಥವಾ ನಿಂಬೆ ಸೇರಿದ ಪಾಕವಿಧಾನ ಸುರಕ್ಷತೆಗೆ ನೆರವು. ಪಾತ್ರೆಗೆ ರುಬ್ಬಿದ ಹೊತ್ತಿನ ಚೀಟಿ ಅಂಟಿಸಿ. ಹಳೆಯ ಚಟ್ನಿಯ ಮೇಲೆ ಹೊಸದನ್ನು ಎಂದೂ ಸುರಿಯಬೇಡಿ. ಹಾಗೆ ಮಾಡಿದ ಪಾತ್ರೆಯಲ್ಲಿ ಬೆಳಗಿನ ಆರು ಗಂಟೆಯ ಚಟ್ನಿ ರಾತ್ರಿವರೆಗೂ ಇರುತ್ತದೆ. ಗಟ್ಟಿಯಾದ ಚಟ್ನಿಗೆ ಬೆರೆಸುವ ನೀರು ನಲ್ಲಿಯದಾಗದೆ ಕುಡಿಯುವ ನೀರೇ ಆಗಿರಲಿ. ಮಿಕ್ಸಿ, ಗ್ರೈಂಡರಿನ ಬ್ಲೇಡು ಬಿಚ್ಚಿ ತೊಳೆಯುವ ಕೆಲಸ ದಿನಕ್ಕೆ ಕನಿಷ್ಠ ಎರಡು ಸಲ. ಅಧಿಕಾರಿ ರಬ್ಬರ್ ವಾಷರ್ ಕೆಳಗೆ ಬೆರಳು ಹಾಕಿ ನೋಡಬಹುದು, ನೀವು ಅದಕ್ಕೆ ಮುಂಚೆ ನೋಡಿ.

ಅನ್ನದ ಕಥೆ ಬೇರೆ. ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಾಣುಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. ಬೆಂದ ಅನ್ನ ಬೆಚ್ಚಗೆ ರಾಶಿ ಬಿದ್ದಿದ್ದರೆ ಮೊಳೆತು ವಿಷ ಬಿಡುತ್ತವೆ. ಚಿತ್ರಾನ್ನ, ಫ್ರೈಡ್ ರೈಸಿಗೆಂದು ಬೆಳಿಗ್ಗೆಯೇ ಬೇಯಿಸಿ ಟಬ್ಬಿನಲ್ಲಿಡುವ ಅನ್ನವನ್ನು ಅಗಲ ಟ್ರೇಯಲ್ಲಿ ಹರಡಿ ಬೇಗ ಆರಿಸಿ ಫ್ರಿಜ್ಜಿಗೆ ಹಾಕಬೇಕು. ಮೊಸರನ್ನಕ್ಕೂ ಇದೇ. ಇಡ್ಲಿ, ದೋಸೆ ಹಿಟ್ಟು ಹುಳಿ ಬರುವುದರಿಂದ ಇಷ್ಟು ಅಪಾಯದ್ದಲ್ಲ. ಅಲ್ಲಿ ನೋಡುವುದು ಡ್ರಮ್ಮು ಆಹಾರ ದರ್ಜೆಯದೇ, ಮುಚ್ಚಳವಿದೆಯೇ, ನೆಲದಿಂದ ಮೇಲಿದೆಯೇ ಎಂಬುದನ್ನು.

ಸೆಂಟ್ರಲ್ ಕಿಚನ್‌ನಿಂದ ಸಾಂಬಾರು, ಪಲ್ಯ ಸಾಗಿಸುವ ಸರಣಿಗಳು ಹೊರಡುವಾಗಿನ ಮತ್ತು ತಲುಪಿದಾಗಿನ ತಾಪಮಾನ ಎರಡನ್ನೂ ಒಂದೇ ಚೀಟಿಯಲ್ಲಿ ಬರೆಯಬೇಕು. ಶಾಖೆಯವರು 65ಕ್ಕಿಂತ ಕೆಳಗಿದ್ದ ಕ್ಯಾನನ್ನು ವಾಪಸ್ ಕಳಿಸುವ ಅಧಿಕಾರ ಪಡೆದಿರಬೇಕು. ಆ ಅಧಿಕಾರ ಕೊಡದೆ ಚೀಟಿ ಮಾತ್ರ ಕೊಟ್ಟರೆ ಎಲ್ಲ ಚೀಟಿಯಲ್ಲೂ 70 ಎಂದೇ ಇರುತ್ತದೆ.

4. ಎಣ್ಣೆ, ಬಣ್ಣ, ಪ್ಲಾಸ್ಟಿಕ್

ಕರಿದ ಎಣ್ಣೆಯಲ್ಲಿ ಒಟ್ಟು ಪೋಲಾರ್ ಅಂಶ (ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಸೇರುವ ಕೆಟ್ಟ ಪದಾರ್ಥ) ಶೇ 25 ಮೀರಿದರೆ ಬಳಸುವಂತಿಲ್ಲ. ಇದು 2018ರ ಜುಲೈನಿಂದ ಜಾರಿಯಲ್ಲಿದೆ. ಅಳೆಯಲು ಮೀಟರ್ ಅಥವಾ ಪರೀಕ್ಷಾ ಪಟ್ಟಿ ಸಿಗುತ್ತದೆ. ಶೇ 20 ದಾಟಿದಾಗಲೇ ಬದಲಿಸುವ ನಿಯಮ ಇಟ್ಟುಕೊಳ್ಳಿ, ಏಕೆಂದರೆ 20ರಿಂದ 25ಕ್ಕೆ ಏರುವುದು ಒಂದೇ ಪಾಳಿಯಲ್ಲಿ ಆಗಿಬಿಡಬಹುದು. ವಡೆ, ಪೂರಿಯ ಚೂರುಗಳನ್ನು ದಿನಾ ಸೋಸದಿದ್ದರೆ ಅವು ಕರಕಾಗಿ ಎಣ್ಣೆಯನ್ನು ಬೇಗ ಕೆಡಿಸುತ್ತವೆ. ದಿನಕ್ಕೆ 50 ಲೀಟರ್ ಅಥವಾ ಹೆಚ್ಚು ಎಣ್ಣೆ ಬಳಸುವ ಅಡುಗೆಮನೆ ಬಳಸಿದ್ದೆಷ್ಟು, ಚೆಲ್ಲಿದ್ದೆಷ್ಟು, ಯಾವ ಅಧಿಕೃತ ಸಂಗ್ರಹಕಾರರಿಗೆ ಕೊಟ್ಟಿದ್ದೆಂಬ ಲೆಕ್ಕ ಇಡಬೇಕು. ಆ ಎಣ್ಣೆ ಬಯೋಡೀಸೆಲ್‌ಗೆ ಹೋಗುತ್ತದೆ. ಬೀದಿ ಬದಿಯ ಬಾಣಲೆಗೆ ಮಾರಿದರೆ ಅದು ಮತ್ತೆ ಜನರ ಹೊಟ್ಟೆಗೇ ಸೇರುತ್ತದೆ.

ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ, ಜೂನ್‌ನಲ್ಲಿ ಕಬಾಬ್‌ಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಬಣ್ಣದ ಡಬ್ಬಿ ಎಸೆದರೆ ಸಾಲದು. ಪೇಟೆಯಿಂದ ತರುವ ಚಿಲ್ಲಿ ಸಾಸ್, ಮಸಾಲೆ ಪೇಸ್ಟುಗಳ ಲೇಬಲ್ಲಿನಲ್ಲಿ 102, 110, 122, 124 ಎಂಬ ಸಂಖ್ಯೆಗಳಿವೆಯೇ ನೋಡಿ. ಅವು ಕ್ರಮವಾಗಿ ಟಾರ್ಟ್ರಜೈನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಯಿಸಿನ್, ಪಾನ್ಸೊ 4ಆರ್. ನೀವು ಬಣ್ಣ ಹಾಕದಿದ್ದರೂ ಸಾಸಿನಿಂದ ಬಂದದ್ದು ಪ್ರಯೋಗಾಲಯದಲ್ಲಿ ನಿಮ್ಮ ಗೋಬಿಯಲ್ಲೇ ಸಿಗುತ್ತದೆ. ಕೆಂಪು ಬೇಕಿದ್ದರೆ ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿ, ಕೊನೆಯ ಒಗ್ಗರಣೆಯ ಮಸಾಲೆಗೆ ಸೇರಿಸಿ. ಕರಿಯುವ ಹಿಟ್ಟಿಗೆ ಹಾಕಿದರೆ ಕಾದ ಎಣ್ಣೆಯಲ್ಲಿ ಬಣ್ಣ ಕಂದಿಹೋಗುತ್ತದೆ.

ಇಡ್ಲಿ ತಟ್ಟೆಗೆ ಪ್ಲಾಸ್ಟಿಕ್ ಹಾಳೆ ಹಾಕಿ ಹಬೆಯಲ್ಲಿ ಬೇಯಿಸುವುದನ್ನು 2025ರ ಫೆಬ್ರವರಿಯಿಂದ ರಾಜ್ಯದಲ್ಲಿ ನಿಷೇಧಿಸಲಾಗಿದೆ. ಹತ್ತಿ ಬಟ್ಟೆ ಅಥವಾ ಬಾಳೆ ಎಲೆ ಬಳಸಿ. ಬಟ್ಟೆಯನ್ನು ಪ್ರತಿದಿನ ಕುದಿಸಿ ಬಿಸಿಲಿಗೆ ಹಾಕುವ ವ್ಯವಸ್ಥೆ ಇಲ್ಲದಿದ್ದರೆ ಎಣ್ಣೆ ಸವರಿದ ಬರೀ ತಟ್ಟೆಯೇ ಮೇಲು. ವಡೆ, ಬೋಂಡ ಕಟ್ಟಲು ಸುದ್ದಿಪತ್ರಿಕೆಯ ಹಾಳೆ ಸಲ್ಲದು.

5. ನೀರು, ತರಕಾರಿ, ಹುಳುಹುಪ್ಪಟೆ

ಅಡುಗೆಯ ನೀರು ಕುಡಿಯುವ ನೀರಿಗಿರುವ ಐಎಸ್ 10500 ಮಾನದಂಡಕ್ಕೆ ಹೊಂದಬೇಕು, ಆರು ತಿಂಗಳಿಗೊಮ್ಮೆ ಮಾನ್ಯತೆ ಪಡೆದ ಪ್ರಯೋಗಾಲಯದ ವರದಿ ಬೇಕು. ಟ್ಯಾಂಕರ್ ನೀರು ತರಿಸುವ ಶಾಖೆಯಲ್ಲಿ ಸ್ಯಾಂಪಲ್ಲನ್ನು ಸಂಪಿನಿಂದ ಮಾತ್ರವಲ್ಲ, ಅಡುಗೆಮನೆಯ ನಲ್ಲಿಯಿಂದಲೂ ತೆಗೆಸಿ. ಸಂಪು ಶುದ್ಧವಾಗಿದ್ದು ಮೇಲಿನ ಟ್ಯಾಂಕ್ ಕೊಳಕಾಗಿರುವುದು ಅಪರೂಪವೇನಲ್ಲ.

ಹಸಿಯಾಗಿ ಬಡಿಸುವ ಕೊತ್ತಂಬರಿ, ಸೌತೆ, ಈರುಳ್ಳಿಗೆ 50 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 50 ಭಾಗ) ಕ್ಲೋರಿನ್. ಶೇ 5ರ ಆಹಾರ ದರ್ಜೆಯ ಸೋಡಿಯಂ ಹೈಪೋಕ್ಲೋರೈಟ್ ಆದರೆ 10 ಲೀಟರ್ ನೀರಿಗೆ 10 ಮಿಲಿ. ಐದು ನಿಮಿಷ ನೆನೆಸಿ ಕುಡಿಯುವ ನೀರಿನಲ್ಲಿ ತೊಳೆಯಿರಿ. ಮಣ್ಣು ತೊಳೆದ ಮೇಲೆ ನೆನೆಸಬೇಕು, ಕೊಳೆ ಇದ್ದರೆ ಕ್ಲೋರಿನ್ ಅದಕ್ಕೇ ಮುಗಿದುಹೋಗುತ್ತದೆ. ಬಿಸಿಲಿಗೆ ಇಟ್ಟ ಹೈಪೋ ಶಕ್ತಿ ಕಳೆದುಕೊಳ್ಳುವುದರಿಂದ ಪರೀಕ್ಷಾ ಪಟ್ಟಿ ಅದ್ದಿ ನೋಡುವುದು ಒಳ್ಳೆಯದು.

ಜಿರಳೆ, ಇಲಿ ಬರುವ ದಾರಿ ಮೋರಿ ಮತ್ತು ಬಾಗಿಲ ಸಂದು. ಮೋರಿಗೆ ಜಾಲರಿ, ಬಾಗಿಲ ಅಡಿಗೆ ರಬ್ಬರ್ ಪಟ್ಟಿ. ನೊಣ ಹಿಡಿಯುವ ದೀಪ ಅಡುಗೆ ಕಟ್ಟೆಯ ಮೇಲ್ಗಡೆ ಬೇಡ, ಸತ್ತ ನೊಣ ಹಿಟ್ಟಿಗೆ ಬೀಳುತ್ತದೆ.

6. ಕೆಲಸಗಾರರು

ಪ್ರತಿ 25 ಆಹಾರ ನಿರ್ವಹಣೆಯ ಕೆಲಸಗಾರರಿಗೆ ಎಫ್‌ಎಸ್‌ಎಸ್‌ಎಐನ ಫಾಸ್ಟ್ಯಾಕ್ ತರಬೇತಿ ಪಡೆದ ಒಬ್ಬ ಮೇಲ್ವಿಚಾರಕರಿರಬೇಕು. ಎಲ್ಲರಿಗೂ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ, ಟೈಫಾಯಿಡ್‌ನಂಥ ಕರುಳಿನ ಕಾಯಿಲೆಗಳಿಗೆ ಲಸಿಕೆ. ದರ್ಶಿನಿಗಳಲ್ಲಿ ಜನ ಬೇಗ ಬದಲಾಗುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರಿದ್ದು ವೈದ್ಯಕೀಯ ಫೈಲಿನಲ್ಲಿ ಇಲ್ಲದವರು ಪ್ರತಿ ಶಾಖೆಯಲ್ಲೂ ಇಬ್ಬರು ಮೂವರು ಸಿಗುತ್ತಾರೆ. ಪ್ರಮಾಣಪತ್ರ ಕೈಗೆ ಬರುವವರೆಗೆ ಹೊಸಬರನ್ನು ಅಡುಗೆ ಕಟ್ಟೆಗೆ ಹಾಕಬೇಡಿ. ಸೂಚನೆಗಳು ಅವರು ಓದುವ ಭಾಷೆಯಲ್ಲಿರಲಿ, ಜತೆಗೆ ಚಿತ್ರವಿರಲಿ.

ಭೇದಿ, ವಾಂತಿ, ಕೈಯಲ್ಲಿ ಕೀವು ಇರುವವರಿಗೆ ರಜೆ ಕೊಡಿ, ಸಂಬಳ ಹಿಡಿಯಬೇಡಿ. ಹಿಡಿದರೆ ಕಾಯಿಲೆ ಮುಚ್ಚಿಟ್ಟು ಚಟ್ನಿ ರುಬ್ಬಲು ಬರುತ್ತಾರೆ.

7. ಅಧಿಕಾರಿ ಬಂದಾಗ

ಗುರುತಿನ ಚೀಟಿ ನೋಡಿ, ಹೆಸರು ಮತ್ತು ಹೊತ್ತು ಬರೆದುಕೊಳ್ಳಿ, ಟೋಪಿ-ಏಪ್ರನ್ ಕೊಟ್ಟು ಒಳಗೆ ಕರೆದೊಯ್ಯಿರಿ. ಮಾಲೀಕರು ಬರುವವರೆಗೆ ಕಾಯಿರಿ ಎನ್ನಬೇಡಿ. ಅಡ್ಡಿಪಡಿಸುವುದು ಕಲಂ 62ರಡಿ ಜೈಲು ಶಿಕ್ಷೆಯಿರುವ ಅಪರಾಧ. ಗೊತ್ತಿಲ್ಲದ್ದಕ್ಕೆ ಊಹೆಯ ಉತ್ತರ ಬೇಡ, ಪುಸ್ತಕ ತೆಗೆದು ತೋರಿಸಿ. ಅವರು ಫೋಟೊ ತೆಗೆದ ಪ್ರತಿ ಜಾಗದ ಫೋಟೊವನ್ನು ನೀವೂ ತೆಗೆದುಕೊಳ್ಳಿ. ಅಲ್ಲೇ ಸರಿಪಡಿಸಬಹುದಾದದ್ದನ್ನು, ಉದಾಹರಣೆಗೆ ಮುಚ್ಚಳವಿಲ್ಲದ ಕಸದ ಬುಟ್ಟಿಯನ್ನು, ಅವರ ಎದುರೇ ಸರಿಪಡಿಸಿ.

ಸ್ಯಾಂಪಲ್ ತೆಗೆದರೆ ಕ್ರಮ ಹೀಗಿದೆ. ನಮೂನೆ 5-ಎಯಲ್ಲಿ ನೋಟಿಸ್ ಕೊಡುತ್ತಾರೆ, ಸಾಕ್ಷಿಗಳನ್ನು ಕರೆಯುತ್ತಾರೆ, ತೆಗೆದುಕೊಂಡದ್ದಕ್ಕೆ ಬೆಲೆ ಕೊಡುತ್ತಾರೆ. ಸ್ಯಾಂಪಲ್ಲನ್ನು ನಾಲ್ಕು ಭಾಗ ಮಾಡಿ, ಸೀಲ್ ಹಾಕಿ, ನಿಮ್ಮ ಸಹಿ ಪಡೆಯುತ್ತಾರೆ. ಒಂದು ಭಾಗ ಆಹಾರ ವಿಶ್ಲೇಷಕರಿಗೆ, ಎರಡು ಅಂಕಿತ ಅಧಿಕಾರಿಯ (ಆಹಾರ ಸುರಕ್ಷತಾ ಅಧಿಕಾರಿಯ ಮೇಲಿನವರು) ವಶಕ್ಕೆ. ನಾಲ್ಕನೆಯದನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ ಎಂದು ನೀವು ಆಗಲೇ ಲಿಖಿತವಾಗಿ ಕೇಳಬಹುದು, ಖರ್ಚು ನಿಮ್ಮದು. ಬಹಳ ಮ್ಯಾನೇಜರುಗಳಿಗೆ ಈ ಹಕ್ಕು ಗೊತ್ತೇ ಇಲ್ಲ. ಕೋರಿಕೆ ಪತ್ರದ ಮಾದರಿಯನ್ನು ಪ್ರತಿ ಶಾಖೆಯ ಫೈಲಿನಲ್ಲಿ ಇಟ್ಟಿರಿ. ಎರಡು ವರದಿಗಳು ಬೇರೆಯಾದರೆ ಅಂಕಿತ ಅಧಿಕಾರಿ ತಮ್ಮಲ್ಲಿರುವ ಭಾಗವನ್ನು ರೆಫರಲ್ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅಂಥವುಗಳಲ್ಲಿ ಒಂದು. ಅದರ ಮಾತೇ ಕೊನೆ.

8. ವರದಿ, ನೋಟಿಸ್, ಉತ್ತರ

ವಿಶ್ಲೇಷಕರು 14 ದಿನದಲ್ಲಿ ವರದಿ ಕೊಡಬೇಕು. ಅದು ನಿಮಗೆ ವಿರುದ್ಧವಾಗಿದ್ದರೆ ಪ್ರತಿ ಕೈಸೇರಿದ 30 ದಿನದೊಳಗೆ ನಮೂನೆ 8ರಲ್ಲಿ ಅಂಕಿತ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಲಕೋಟೆ ಶಾಖೆಗೆ ಬಂದು ಗಲ್ಲಾಪೆಟ್ಟಿಗೆಯ ಡ್ರಾಯರಿನಲ್ಲಿ ಉಳಿದು ಗಡುವು ದಾಟುವುದುಂಟು. ಇಲಾಖೆಯ ಯಾವುದೇ ಕಾಗದ ಬಂದ ದಿನವೇ ಫೋಟೊ ತೆಗೆದು ಮುಖ್ಯ ಕಚೇರಿಗೆ ಕಳಿಸುವುದನ್ನು ಕಡ್ಡಾಯ ಮಾಡಿ.

ನೈರ್ಮಲ್ಯದ ಕೊರತೆಗೆ ಸಾಮಾನ್ಯವಾಗಿ ಬರುವುದು ಕಲಂ 32ರ ಸುಧಾರಣಾ ನೋಟಿಸ್. ಸರಿಪಡಿಸಲು ಕನಿಷ್ಠ 14 ದಿನ ಕೊಡಬೇಕು. ಪಾಲಿಸದಿದ್ದರೆ ಪರವಾನಗಿ ಅಮಾನತು, ಆಮೇಲೂ ಸರಿಹೋಗದಿದ್ದರೆ ರದ್ದು. ಇದರ ವಿರುದ್ಧ ಆಹಾರ ಸುರಕ್ಷತಾ ಆಯುಕ್ತರ ಬಳಿ ಹೋಗಲು 15 ದಿನ, ನೋಟಿಸಿನಲ್ಲಿ ಅದಕ್ಕಿಂತ ಕಡಿಮೆ ಗಡುವಿದ್ದರೆ ಅಷ್ಟೇ. ಕೊಳಕು ಜಾಗದಲ್ಲಿ ತಯಾರಿಸಿದ್ದಕ್ಕೆ ಕಲಂ 56ರಡಿ 1 ಲಕ್ಷ ರೂಪಾಯಿವರೆಗೆ, ಕಳಪೆ ಗುಣಮಟ್ಟಕ್ಕೆ ಕಲಂ 51ರಡಿ 5 ಲಕ್ಷದವರೆಗೆ ದಂಡವಿದೆ. ಅಂಥ ಪ್ರಕರಣ ಅಪರ ಜಿಲ್ಲಾಧಿಕಾರಿ ದರ್ಜೆಯ ನ್ಯಾಯನಿರ್ಣಯ ಅಧಿಕಾರಿಯ ಮುಂದೆ ನಡೆಯುತ್ತದೆ. ಅಸುರಕ್ಷಿತ ಆಹಾರ ಎಂದಾದರೆ ಕ್ರಿಮಿನಲ್ ಮೊಕದ್ದಮೆ, ಕಲಂ 59.

ಉತ್ತರ ಬರೆಯುವಾಗ ನೋಟಿಸಿನ ಪ್ರತಿ ಅಂಶಕ್ಕೂ ಮೂರು ಸಂಗತಿ ಹೇಳಿ: ಏಕೆ ಹೀಗಾಯಿತು, ಏನು ಸರಿಪಡಿಸಿದಿರಿ, ಮತ್ತೆ ಆಗದಂತೆ ಏನು ಬದಲಿಸಿದಿರಿ. ದಿನಾಂಕವಿರುವ ಫೋಟೊ, ಬಿಲ್ಲು, ಹೊಸ ಪರೀಕ್ಷಾ ವರದಿ ಲಗತ್ತಿಸಿ. ‘ಇನ್ನು ಮುಂದೆ ಎಚ್ಚರ ವಹಿಸುತ್ತೇವೆ’ ಎಂಬುದು ಉತ್ತರವಲ್ಲ. ‘ಫ್ರಿಜ್ 8 ಡಿಗ್ರಿ ಇದ್ದದ್ದು ಒಲೆಯಿಂದ ಎರಡು ಅಡಿ ದೂರದಲ್ಲಿ ಇಟ್ಟಿದ್ದರಿಂದ. ಅದನ್ನು ಎದುರು ಗೋಡೆಗೆ ಸರಿಸಿ, ಕಂಡೆನ್ಸರ್ ಧೂಳು ತೆಗೆಸಲಾಗಿದೆ. 10 ದಿನದ ದಾಖಲೆ ಲಗತ್ತಿಸಿದೆ’ ಎಂದರೆ ಓದುವವರಿಗೆ ನಂಬಿಕೆ ಬರುತ್ತದೆ.

ಒಂದು ಶಾಖೆಗೆ ಬಂದ ನೋಟಿಸನ್ನು ಎಲ್ಲ ಶಾಖೆಗೂ ಬಂದದ್ದೆಂದೇ ತಿಳಿಯಿರಿ. ಒಂದೇ ವಿನ್ಯಾಸ, ಒಂದೇ ಪಾಕವಿಧಾನ, ಒಂದೇ ಪೂರೈಕೆದಾರರು ಇರುವಾಗ ತಪ್ಪೂ ಒಂದೇ ಆಗಿರುತ್ತದೆ. ಆ ಅಂಶಗಳನ್ನು ಹಿಡಿದು ಏಳು ದಿನದೊಳಗೆ ಉಳಿದ ಶಾಖೆಗಳನ್ನು ನೋಡಿಬರಲು ಬೇರೆ ಶಾಖೆಯ ಮ್ಯಾನೇಜರನ್ನು ಕಳಿಸಿ, ಏಕೆಂದರೆ ತನ್ನ ಅಡುಗೆಮನೆಯ ಕೊರತೆ ದಿನಾ ನೋಡುವವರ ಕಣ್ಣಿಗೆ ಬೀಳುವುದು ಕಷ್ಟ. ಅವರ ಕೈಗೆ 114 ಅಂಕದ ಅದೇ ಪಟ್ಟಿ, ಐಸಿನಲ್ಲಿ ಪರೀಕ್ಷಿಸಿದ ಒಂದು ಥರ್ಮಾಮೀಟರ್ ಕೊಡಿ. ಅಂಕ ಕಡಿಮೆ ಬಂದ ಶಾಖೆಯವರನ್ನು ದಂಡಿಸಬೇಡಿ, ದಂಡಿಸಿದರೆ ಮುಂದಿನ ತಿಂಗಳು ಎಲ್ಲರಿಗೂ 110 ಬಂದಿರುತ್ತದೆ.